ಎರಡೂ ಕಡೆ ಸಿಂಹವಿದ್ದ ನಾಣ್ಯ

ಮಂಡ್ಯದಲ್ಲಿ ಪತ್ರಿಕೆಯೊಂದರ ಜಿಲ್ಲಾ ವರದಿಗಾರನಾಗಿ ನನ್ನದು ಕೊನೆಯ ವರ್ಷ. ಸುದ್ದಿಯ ಜೊತೆಗೆ ಭಾನುವಾರದ ಪುರವಣಿಗೆ ನಾಣ್ಯಗಳ ಬಗ್ಗೆ ಅಂಕಣ ಬರೆಯುತ್ತಿದ್ದೆ. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಗುರುತಿಸುವುದು ಹೇಗೆಂದು ಬರೆದ ವಾರ, ಹನಕೆರೆಯಿಂದ ಅಣ್ಣ ತಂಗಿ ಕಚೇರಿಗೆ ಬಂದರು. ಅಣ್ಣ ಪುಟ್ಟಸ್ವಾಮಿ, ತಂಗಿ ಜಯಮ್ಮ.

ಜಯಮ್ಮ ಮೇಜಿನ ಮೇಲೆ ಐದು ರೂಪಾಯಿ ನಾಣ್ಯವಿಟ್ಟರು. ಎರಡೂ ಕಡೆ ಸಿಂಹದ ಮುದ್ರೆ. ತೀರಿಕೊಂಡ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಜಗಳ ಬೇಡವೆಂದು ತಂದೆ ಬದುಕಿದ್ದಾಗ ಇದನ್ನೇ ಚಿಮ್ಮಿ ಜಮೀನು ಭಾಗ ಮಾಡಿದ್ದರು. ಹೆಡ್ ಎಂದ ಅಣ್ಣನಿಗೆ ನಾಲೆ ಪಕ್ಕದ ಗದ್ದೆ, ತಂಗಿಗೆ ಕಲ್ಲುಭೂಮಿ.

"ಗದ್ದೆ ಓದ್ರೆ ಓಗ್ಲಿ ಸಾರ್. ನಮ್ಮಪ್ಪ ನಂಗೆ ಮೋಸ ಮಾಡುದ್ನಾ, ಇಲ್ವಾ? ಅಷ್ಟೇಳಿ ಸಾಕು."

"ಮಿಂಟ್‌ನೋರು ತಪ್ಪಾಗಿ ಒತ್ತವ್ರೆ ಕಣಮ್ಮಿ. ಸಾರೇ ಪೇಪರ್ನಲ್ಲಿ ಬರ್ದವ್ರಲ್ಲ," ಎಂದರು ಪುಟ್ಟಸ್ವಾಮಿ.

ಭೂತಗನ್ನಡಿ ಹಿಡಿದೆ. ಟಂಕಸಾಲೆಯ ತಪ್ಪಾದರೆ ಲೋಹ ಒಂದೇ ತುಂಡು. ಇದರಲ್ಲಿ ಅಂಚಿನ ಒಳಬದಿಗೆ ಕೂದಲೆಳೆಯಂಥ ಗೆರೆ ಸುತ್ತಲೂ ಓಡಿತ್ತು. ಮೇಜಿಗೆ ಬೀಳಿಸಿದರೆ ಖಣ್ ಎನ್ನಲಿಲ್ಲ. ಒಂದು ನಾಣ್ಯವನ್ನು ಕೊರೆದು ಇನ್ನೊಂದರ ಮುಖವನ್ನು ಅದರೊಳಗೆ ಕೂರಿಸಿದ್ದರು.

"ಟಂಕಸಾಲೆಯ ತಪ್ಪಲ್ಲ. ಬೇಕೆಂದೇ ಮಾಡಿದ್ದು," ಎಂದೆ.

ಜಯಮ್ಮ ನಾಣ್ಯವನ್ನು ಅಲ್ಲೇ ಬಿಟ್ಟು ಎದ್ದುಹೋದರು. ತಪ್ಪಿಲ್ಲದ ವರದಿ ಕೊಟ್ಟ ಸಮಾಧಾನದಲ್ಲಿ ನಾನಿದ್ದೆ.

ತಿಂಗಳಾದ ಮೇಲೆ ಪುಟ್ಟಸ್ವಾಮಿ ಒಬ್ಬರೇ ಬಂದರು. ತಂಗಿ ತಂದೆಯ ತಿಥಿಗೂ ಬರಲಿಲ್ಲ, ಅವರ ಫೋಟೊವನ್ನು ಗೋಡೆಯಿಂದ ಇಳಿಸಿದ್ದಾಳೆ ಎಂದರು.

"ನೋಡಿದ್ದು ತಪ್ಪಾಯ್ತು, ಮಿಂಟ್‌ದೇ ದೋಸ ಅಂತ ಒಂದ್ ಮಾತೇಳ್ಬುಡಿ ಸಾರ್."

ಆಗುವುದಿಲ್ಲ ಎಂದೆ. ಅವರು ತಲೆ ತಗ್ಗಿಸಿದರು.

"ಅಪ್ಪಂಗೆ ಗೊತ್ತೇ ಇರ್ಲಿಲ್ಲ. ಜೇಬಿಂದ ಕಾಸು ತೆಗ್ದು ಕೊಟ್ಟೋನು ನಾನು. ಹೆಡ್ ಅಂತ ಕೂಗ್ದೋನೂ ನಾನೇ."

ನಾಣ್ಯ ಯಾರದೆಂದು ಆವತ್ತು ನಾನು ಕೇಳಿರಲೇ ಇಲ್ಲ. ಆರೋಪಕ್ಕೆ ಉತ್ತರ ಕೊಡಲು ಆಗದವರ ಬಗ್ಗೆ ಎರಡು ಪಟ್ಟು ವಿಚಾರಿಸಬೇಕೆಂದು ಕಿರಿಯ ವರದಿಗಾರರಿಗೆ ಹೇಳಿಕೊಟ್ಟವನೂ ನಾನೇ.

"ಇದನ್ನು ಆಕೆಗೆ ಹೇಳಿ," ಎಂದು ಫೋನನ್ನು ಅವರ ಮುಂದೆ ಸರಿಸಿದೆ. ತಡವರಿಸುತ್ತಾ ಹೇಳಿದರು. ಆ ಕಡೆಯಿಂದ ಜಯಮ್ಮನ ದನಿ ನನಗೂ ಕೇಳಿಸಿತು:

"ಮೊಳೆನೂ ಕಿತ್ತಾಕಿವ್ನಿ ಕಣಣ್ಣ. ನೀನೇ ಬಂದು ಮೊಳೆ ಒಡ್ದು ಅಪ್ಪನ್ನ ನೇತಾಕು. ಗದ್ದೆ ಮಾತು ಆಮೇಲೆ."

ನಿವೃತ್ತಿಯಾದರೂ ಜನ ನನ್ನ ಬಳಿ ನಾಣ್ಯ ತರುತ್ತಾರೆ. ಭೂತಗನ್ನಡಿ ತೆಗೆಯುವ ಮೊದಲು, ಇದು ಯಾರ ಕೈಯಿಂದ ಬಂತು ಎಂದು ಕೇಳುತ್ತೇನೆ. ಆ ಪ್ರಶ್ನೆಯನ್ನು ಅಂದು ಕೇಳದೆ ಹೋದದ್ದಕ್ಕೆ, ತಪ್ಪೇ ಮಾಡದ ಒಬ್ಬ ಅಪ್ಪ ಮಗಳ ಗೋಡೆಯಿಂದ ಇಳಿಯಬೇಕಾಯಿತು.