ಗಿಡ್ಡಪ್ಪನ ಎರಡು ಡಂಗುರ

ಗಿಡ್ಡಪ್ಪ ಅನ್ನುವುದು ಹೆಸರಿಗೆ ಮಾತ್ರ. ಆಳು ಆರಡಿ. ಗಂಟಲಂತೂ ಕೇಳಲೇಬೇಡಿ, ಜಾಲಿಕಟ್ಟೆಯ ಅರಳಿಮರದ ಕೆಳಗೆ ನಿಂತು ಕೂಗಿದರೆ ಸಿಂಗಟಗೆರೆ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವವರೂ ನಿಂತು ಕಿವಿಗೊಡಬೇಕು. ಅಪ್ಪನಿಂದ ಬಂದ, ಊರಿಗೆ ಡಂಗುರ ಸಾರುವ ತೋಟಿ ಕೆಲಸ, ಅಪ್ಪನಿಂದ ಬಂದ ತಮಟೆ. ತೋಟಿಕೆಯನ್ನು ಸರ್ಕಾರ ಕಾಗದದಲ್ಲಿ ರದ್ದು ಮಾಡಿತು, ತಮಟೆಯನ್ನು ಅವನ ಹೆಗಲಿಂದ ಇಳಿಸುವವರು ಯಾರೂ ಬರಲಿಲ್ಲ. ಕಂದಾಯ ಕಟ್ಟಬೇಕು, ಕೆರೆಯ ತೂಬು ಎತ್ತುತ್ತಾರೆ, ಯಾರದೋ ಹಸು ತಪ್ಪಿಸಿಕೊಂಡಿದೆ, ಏನೇ ಇರಲಿ, ಕರೀರಿ ಗಿಡ್ಡನ್ನ!

ಸಾರಿ ಮುಗಿಸಿದ ಮೇಲೆ ಯಾರು ಏನು ಕೇಳಿದರೂ ಅವನದು ಒಂದೇ ಉತ್ತರ: "ಸಾರು ಅಂದ್ರು, ಸಾರ್ದೆ. ನಂಗೇನ್ ಗೊತ್ತು?" ಜನ ನಗುತ್ತಿದ್ದರು. ಆದರೆ ಆ ಮಾತಿನಲ್ಲಿ ಜಾಣತನವೂ ಇತ್ತು. ಹೇಳಿದ ದಿನ ತೂಬು ಎತ್ತದಿದ್ದರೆ ಬೈಸಿಕೊಳ್ಳುವವರು ಬೇರೆ. ಇವನು ತಮಟೆಯನ್ನು ಗೂಟಕ್ಕೆ ಸಿಕ್ಕಿಸಿ ನೆಮ್ಮದಿಯಾಗಿ ಮುದ್ದೆ ಉಣ್ಣಬಹುದಿತ್ತು.

ವಾಂತಿಭೇದಿಯ ಮುಂದೆ ಮಾತ್ರ ಆ ಜಾಣತನ ನಡೆಯಲಿಲ್ಲ.

ಎಲ್ಲೋ ಸಮುದ್ರದಾಚೆ ಹುಟ್ಟಿ, ದೇಶ ದೇಶ ಸುತ್ತಿಕೊಂಡು ಬಂದ ಕಾಲರಾ ಅಂತೆ ಅದು. ಎಪ್ಪತ್ತೆರಡರಲ್ಲಿ ಜಾಲಿಕಟ್ಟೆಗೂ ಕಾಲಿಟ್ಟಿತು. ಆಗ ದಿನಕ್ಕೊಂದು ಹುಕುಂ. ಎಲ್ಲರೂ ಸೂಜಿ ಹಾಕಿಸಿಕೊಳ್ಳಬೇಕು, ಸೂಜಿಯ ಚೀಟಿ ಇಲ್ಲದಿದ್ದರೆ ಬಸ್ಸು ಹತ್ತುವಂತಿಲ್ಲ ಅಂದರು. ಜನ ಎದ್ದೆವೋ ಬಿದ್ದೆವೋ ಅಂತ ಓಡಿ ತೋಳು ಊದಿಸಿಕೊಂಡು ಬಂದ ಮೇಲೆ, ಚೀಟಿ ಏನೂ ಬೇಡ ಅಂದರು. ಬಾವಿಗೆ ಬಿಳಿ ಪುಡಿ ಹಾಕಿದರು, ಆ ನೀರಿನ ವಾಸನೆಗೆ ಹೆದರಿ ಜನ ಕೆರೆಯ ನೀರು ಕುಡಿದರು. ಕೊನೆಗೆ ಒಬ್ಬ ಕಾಂಪೌಂಡರು ಬಂದು ಹೇಳಿದ: ಭೇದಿಯಾದವರಿಗೆ ನೀರು ಮುಟ್ಟಿಸಬೇಡಿ, ಕುಡಿದಷ್ಟೂ ಭೇದಿ ಹೆಚ್ಚುತ್ತದೆ. ಗಿಡ್ಡಪ್ಪ ಅದನ್ನೂ ಸಾರಿದ. ಆ ಸಲ ಊರಲ್ಲಿ ಹೋದವರಲ್ಲಿ ಅವನ ಆರು ವರ್ಷದ ಮಗ ಮಂಜನೂ ಒಬ್ಬ. ನೀರು, ನೀರು ಅಂತಲೇ ಹೋದ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಅದೇ ರೋಗ ಮತ್ತೆ ಬಂತು. ಒಂದು ಬೆಳಿಗ್ಗೆ ಜೀಪು ಬಂದು ಅರಳಿಕಟ್ಟೆಯ ಹತ್ತಿರ ನಿಂತಿತು. ಅದರಲ್ಲಿದ್ದ ಹೆಲ್ತ್ ಇನ್ಸ್‌ಪೆಕ್ಟರು ಗಿಡ್ಡಪ್ಪನನ್ನು ಕರೆಸಿದರು.

"ಭೇದಿ ಶುರುವಾದ ತಕ್ಷಣ ನೀರು ಕೊಡ್ಬೇಕು ಅಂತ ಸಾರಪ್ಪ. ಕಾಯಿಸಿ ಆರಿಸಿದ ನೀರು. ಲೋಟಕ್ಕೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ, ಇಲ್ದಿದ್ರೆ ಬೆಲ್ಲ. ವಾಂತಿಯಾದ್ರೂ ನಿಲ್ಲಿಸ್ಬಾರ್ದು, ಸ್ವಲ್ಪ ತಡೆದು ಮತ್ತೆ ಕೊಡ್ಬೇಕು. ಔಷಧಿ ಪೊಟ್ಟಣ ಖಾಲಿಯಾಗಿದೆ, ನಾಳೆ ತರ್ತೀವಿ."

ಗಿಡ್ಡಪ್ಪ ಜೀಪಿನ ಬಾಗಿಲು ಹಿಡಿದುಕೊಂಡ. "ಸಾ, ಹಿಂದೆ ಕೊಡ್ಲೇಬ್ಯಾಡಿ ಅಂದಿದ್ರಲ್ಲ?"

"ಅದು ಆಗ. ಈಗ ಗೊತ್ತಾಗಿರೋದು ಇದು."

ಅದು ಆಗ! ಎಷ್ಟು ಸಲೀಸಾಗಿ ಅಂದುಬಿಟ್ಟರು ಪುಣ್ಯಾತ್ಮರು! ಅವರಿಗೇನು, ಹೇಳಿದರು, ಜೀಪು ಹತ್ತಿದರು, ಧೂಳೆಬ್ಬಿಸಿಕೊಂಡು ಮುಂದಿನ ಊರಿಗೆ ಹೋದರು. ಉಳಿದವನು ಗಿಡ್ಡಪ್ಪ, ತಮಟೆ ಹಿಡಿದುಕೊಂಡು.

ಸಾರಿದ. ಮೇಲಿನ ಬೀದಿಯಲ್ಲಿ ತೆಂಗಿನ ತೋಟದ ಷಣ್ಮುಖಪ್ಪ ಜಗಲಿಯಿಂದಲೇ ಹರಿಹಾಯ್ದ. ಅವನ ತಾಯಿ ತೀರ್ಥಮ್ಮನಿಗೂ ಅಂದು ಬೆಳಿಗ್ಗೆಯೇ ಭೇದಿ ಹಿಡಿದಿತ್ತು.

"ಏನ್ಲಾ ಗಿಡ್ಡ, ಹೋದ ಸಲ ಕೊಡಬ್ಯಾಡಿ ಅಂದೆ, ಈ ಸಲ ಕೊಡಿ ಅಂತೀಯ. ನಾಲಿಗೆಗೆ ಮೂಳೆ ಇಲ್ವೇನ್ಲಾ? ಒಳಗೆ ನಮ್ಮವ್ವ ಒದ್ದಾಡ್ತಾವ್ಳೆ. ನಾನ್ ಯಾವುದ್ನ ನಂಬ್ಲಿ?"

"ಸಾರು ಅಂದ್ರು, ಸಾರ್ದೆ ಗೌಡ್ರೇ," ಎಂದ ಗಿಡ್ಡಪ್ಪ. ಅವನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಗಡಿಗೆಗಳೆಲ್ಲ ಬೋರಲಾಗಿ ಬಿದ್ದಿದ್ದವು.  ಮಂಜ ತೆವಳಿಕೊಂಡು ಹೋಗಿ ನೀರಿಗೆ ಬಾಯಿ ಹಾಕಿಯಾನು ಅಂತ ಹಿಂದೊಮ್ಮೆ ಅವನ ಹೆಂಡತಿ ಓಬಮ್ಮ ಹೀಗೇ ಮಾಡಿದ್ದಳು.

ಒಳಗೆ ಎಂಟು ವರ್ಷದ ಮಗಳು ಉಚ್ಚಂಗಿ ಗೋಣಿತಾಟಿನ ಮೇಲೆ ಬಿದ್ದಿದ್ದಳು. ಅಕ್ಕಿ ತೊಳೆದ ನೀರಿನಂಥ ಭೇದಿ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ತೊಗಲನ್ನು ಹಿಡಿದು ಬಿಟ್ಟರೆ ಹಿಡಿದ ಹಾಗೇ ನಿಲ್ಲುತ್ತಿತ್ತು. ಆಸ್ಪತ್ರೆಗೆ ಹೋಗಬೇಕೆಂದರೆ ಕಡೂರಿನ ಬೆಳಗಿನ ಬಸ್ಸು ಹೋಗಿಯಾಗಿತ್ತು, ಸಂಜೆಯ ಬಸ್ಸಿನವನು ಭೇದಿಯವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಗಾಡಿಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋದರೆ ದಾರಿಯಲ್ಲೇ ಮುಗಿಯುತ್ತದೆ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

"ನೀರು ಕೊಡ್ಬೇಕಂತೆ ಕಣೇ," ಅಂದ.

"ಯಾರಂದ್ರು?"

"ಜೀಪಿನೋರು. ಈಗಷ್ಟೇ ಊರಿಗೆಲ್ಲ ಸಾರಿ ಬಂದೆ."

"ಹಿಂದೆ ಸಾರ್ದೋನೂ ನೀನೇ." ಓಬಮ್ಮ ಮಗಳ ಮುಂದೆ ಅಡ್ಡ ಕೂತಳು. "ಊರಿಗೆ ಸಾರಿದ್ದು ಇಲ್ಲಿ ಬ್ಯಾಡ. ನಂಗೆ ಹೇಳು. ಕೊಟ್ರೆ ನನ್ ಕೂಸು ಉಳೀತದೆ ಅಂತ ನಿಂಗೆ ಗೊತ್ತಾ?"

ನಲವತ್ತು ದಾಟಿದ ಆ ಗಂಡಸನ್ನು ಯಾರೂ ಹಾಗೆ ಎದುರಿಗೆ ಕೂರಿಸಿಕೊಂಡು ಕೇಳಿರಲಿಲ್ಲ. ಸಾರು ಅಂದ್ರು, ಸಾರ್ದೆ ಅನ್ನಲು ಬಾಯಿ ಬರಲಿಲ್ಲ.

"ಗೊತ್ತಿಲ್ಲ," ಅಂದ.

"ಗೊತ್ತಿಲ್ದೆ ಕೊಟ್ಟು ಸಾಯಿಸ್ತೀಯ?"

"ಅವ್ವಾ, ನೀರು," ಅಂತು ಮಗು. ದನಿಯೂ ಅಲ್ಲ ಅದು, ತುಟಿ ಅಷ್ಟೇ ಆಡಿತು.

 ಕೊಟ್ಟು ಸತ್ತರೆ ಕೊಂದವನು ತಾನು. ಜನ ಬಿಡುತ್ತಾರಾ? ಇವಳು ಬಿಡುತ್ತಾಳಾ? ಗಿಡ್ಡಪ್ಪ ಕಂಬಕ್ಕೆ ಒರಗಿ ನಿಂತ.

"ಕೊಡ್ದಿದ್ರೆ ಏನಾಯ್ತದೆ ಅಂತ ಇಬ್ರಿಗೂ ಗೊತ್ತು ಕಣೇ," ಅಂದ ಕೊನೆಗೆ. "ಕೊಟ್ರೆ ಏನಾಯ್ತದೋ ಗೊತ್ತಿಲ್ಲ. ಆ ಗೊತ್ತಿಲ್ದಿರೋದನ್ನೇ ಮಾಡಾನ."

ಓಬಮ್ಮ ಮಗಳ ಮುಂದಿನಿಂದ ಪಕ್ಕಕ್ಕೆ ಸರಿದಳು. ಗೋಡೆಯ ಕಡೆ ಮುಖ ಮಾಡಿ ಕೂತಳು. ಅವನೇ ಹೊರಗಿನಿಂದ ಒಂದು ಗಡಿಗೆ ನೀರು ತಂದು, ಒಲೆ ಹಚ್ಚಿ ಕಾಯಿಸಿ, ಆರಿಸಿ, ಬೆಲ್ಲ ಕದಡಿದ. ಉಪ್ಪಿನ ಚಿಟಿಕೆ ಹೆಚ್ಚಾಯಿತೇನೋ ಅಂತ ಅರ್ಧ ಉದುರಿಸಿದ, ಕಡಿಮೆಯಾಯಿತೇನೋ ಅಂತ ಮತ್ತೆ ಹಾಕಿದ. ಲೋಟವನ್ನು ಬಾಯಿಗೆ ಹಿಡಿದರೆ ಮಗು ಗಟಗಟ ಕುಡಿದು ಅಷ್ಟನ್ನೂ ಅವನ ಎದೆಯ ಮೇಲೆ ಕಾರಿತು.

"ನೋಡ್ದಾ! ನೋಡ್ದಾ!" ಓಬಮ್ಮ ಎದೆ ಬಡಿದುಕೊಂಡಳು. "ಬಿಡೋ, ನಿಂಗೆ ಕೈ ಮುಗೀತೀನಿ, ಬಿಡೋ!"

ಅವನ ಕೈ ನಿಂತೇ ಹೋಯಿತು. ವಾಂತಿಯಾದರೂ ನಿಲ್ಲಿಸಬಾರದು ಅಂದಿದ್ದರಲ್ಲ, ತಾನೇ ಬೀದಿ ಬೀದಿ ಕೂಗಿ ಬಂದದ್ದಲ್ಲವೇ ಅದು? ಸ್ವಲ್ಪ ತಡೆದು ಚಮಚದಲ್ಲಿ ಹನಿಸಿದ. ಒಂದು ಚಮಚ ನಿಂತಿತು. ಇನ್ನೊಂದು. ಮತ್ತೆ ಭೇದಿ ಹರಿಯಿತು. ಅಯ್ಯೋ, ಕಾಂಪೌಂಡರು ಹೇಳಿದ್ದೇ ನಿಜವಾಯಿತೇ ಅಂತ ಜೀವ ಬಾಯಿಗೆ ಬಂತು. ಜೀಪಿನವರನ್ನು ಬೈದ, ಕಾಂಪೌಂಡರನ್ನು ಬೈದ, ತನ್ನನ್ನೇ ಬೈದುಕೊಂಡ. ಚಮಚ ಮಾತ್ರ ನಿಲ್ಲಿಸಲಿಲ್ಲ.

ಹೊತ್ತು ಇಳಿಮುಖವಾದಾಗ ಓಬಮ್ಮ ಗೋಡೆ ಬಿಟ್ಟು ಎದ್ದು ಬಂದಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇತ್ಲಾಗ್ ಕೊಡು. ಅರ್ಧ ಚೆಲ್ತೀಯ," ಅಂತ ಚಮಚ ಕಿತ್ತುಕೊಂಡಳು. ಅವನು ಮತ್ತೆ ಒಲೆ ಹಚ್ಚಿದ.

ದೀಪ ಹಚ್ಚುವ ಹೊತ್ತಿಗೆ ಮಗು ಕಣ್ಣು ಬಿಟ್ಟು, "ಅವ್ವಾ, ಉಚ್ಚೆ ಬತ್ತೈತೆ," ಅಂತು.

ಬೆಳಗಿನಿಂದ ಒಂದು ತೊಟ್ಟು ಹೋಗಿರಲಿಲ್ಲ. ಇಬ್ಬರೂ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಕೂರಿಸಿದರು. ಓಬಮ್ಮ ನಕ್ಕಳು, ಮಗಳ ಕೆನ್ನೆಗೆ ಕೆನ್ನೆ ಉಜ್ಜಿದಳು, "ನನ್ ತಾಯೀ, ನನ್ ಬಂಗಾರೀ" ಅಂದಳು. ಗಿಡ್ಡಪ್ಪನೂ ಹುಚ್ಚನ ಹಾಗೆ ನಕ್ಕ. ಸಂತೋಷ ತಡೆಯಲಾಗದೆ ಗಟ್ಟಿಯಾಗಿ ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ಹೆಂಡತಿಯ ಮುಖ ನೋಡಿದ. ನಗು ನಿಂತು ಹೋಗಿತ್ತು. ಅವಳ ಮನಸ್ಸು ಮಂಜನ ಹತ್ತಿರ ಹೋಯಿತು ಅಂತ ಅವನಿಗೆ ತಕ್ಷಣ ಗೊತ್ತಾಯಿತು, ಅವನದೂ ಅಲ್ಲಿಗೇ ಹೋಗಿತ್ತು.

ಮಗುವನ್ನು ಒಳಗೆ ತಂದು ಮಲಗಿಸಿದಾಗ ಬಾಗಿಲಲ್ಲಿ ಷಣ್ಮುಖಪ್ಪ ನಿಂತಿದ್ದ. ಆ ಕೇರಿಗೆ ಎಂದೂ ಕಾಲಿಡದವನು, ಮೈಮೇಲೆ ಅಂಗಿ ಇಲ್ಲ.

"ಗಿಡ್ಡಪ್ಪ, ನೀನು ನಿನ್ ಮಗಳಿಗೆ ನೀರು ಕೊಟ್ಯಂತೆ? ನಮ್ಮವ್ವ ಬೆಳಗಿಂದ ಬಾಯ್ ಬಾಯ್ ಬಿಡ್ತಾವ್ಳೆ, ನಾವ್ ಕೊಟ್ಟಿಲ್ಲ. ಏನ್ ಮಾಡ್ಲಪ್ಪ?"

ಗಿಡ್ಡಪ್ಪ ಬಾಯಿ ತೆರೆಯುವ ಮೊದಲೇ ಓಬಮ್ಮ ಹೊಸಿಲಿಗೆ ನುಗ್ಗಿದಳು.

"ಕೊಡ್ರೀ! ಇವ್ಳಿಗೆ ಕೊಟ್ಟೆ, ಬದುಕವ್ಳೆ. ನನ್ ಮಂಜಂಗೆ ಕೊಡ್ಲಿಲ್ಲ, ಸತ್ತ. ಇನ್ನೇನ್ ಬೇಕು ನಿಮ್ಗೆ? ಉಪ್ಪು, ಬೆಲ್ಲ, ಕಾಯ್ಸಿದ ನೀರು! ಕಾರಿದ್ರೂ ಬಿಡಬ್ಯಾಡ್ರಿ! ಓಡ್ರೀ!"

ಕೇರಿಯೆಲ್ಲ ಬಾಗಿಲಿಗೆ ಬಂತು. ಷಣ್ಮುಖಪ್ಪ ಪಂಚೆ ಎತ್ತಿಕಟ್ಟಿಕೊಂಡು ಓಡಿದ. ಅತ್ತ ಇತ್ತ ಮನೆಗಳಲ್ಲಿ ಒಲೆ ಊದುವ ಸದ್ದು ಕೇಳಿಸಿತು.

ಓಬಮ್ಮ ಒಳಗೆ ಬಂದು ಮಗಳ ಪಕ್ಕ ಕೂತಳು. ಸೆರಗಿನಿಂದ ಅವಳ ತುಟಿ ಒರೆಸಿದಳು. ಆಮೇಲೆ ಅವನ ಕಡೆ ನೋಡದೆ ಕೇಳಿದಳು:

"ಮಂಜ ಎಷ್ಟು ಸಲ ಕೇಳ್ದ, ನೆಪ್ಪೈತಾ?"

ಗಿಡ್ಡಪ್ಪ ತಲೆ ತಗ್ಗಿಸಿದ. "ನಾನ್ ಮನೇಲಿರ್ಲಿಲ್ವಲ್ಲೇ. ಆಚೆ ಹಳ್ಳೀಲಿ ಸಾರ್ತಿದ್ದೆ."

"ಹೂಂ," ಅಂದಳು ಓಬಮ್ಮ. "ಕೇಳಿಸ್ಕೊಂಡೋಳು ನಾನೊಬ್ಳೇ."