ಜೇಬಿನ ಮೇಲಿದ್ದ ಕೈ

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ನನ್ನ ಕೆಲಸ ಹೊಲಿಯುವುದಲ್ಲ, ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರ ಕತ್ತರಿಸುವುದು. ಹೆಬ್ಬೆರಳ ಬುಡದಲ್ಲಿ ಕತ್ತರಿ ಮಾಡಿದ ಗಾಯದ ಕಲೆ ಈಗಲೂ ಇದೆ. ರೂಮಿನಲ್ಲಿ ಜೊತೆಗಿದ್ದ ಬೊಮ್ಮನಹಾಳ್ ಕಡೆಯ ಅಕ್ಕ ಮಾತ್ರ ಹಿಂದಿನ ಜೇಬು ಹೊಲಿಯುವುದರಲ್ಲಿ ಎತ್ತಿದ ಕೈ. ಸ್ವಂತ ಅಕ್ಕನಲ್ಲ, ಅದಕ್ಕಿಂತ ಹೆಚ್ಚು. ಅವಳಿಗೂ ಹೇಳದೆ ನಾನು ಫೋನಿಗೆ ಜೋಡಿ ಹುಡುಕುವ ಆ್ಯಪ್ ಹಾಕಿಕೊಂಡಿದ್ದೆ.

ನಮ್ಮೂರು ಮಡಕಶಿರಾ ಕಡೆ. ಅಲ್ಲಿ ಸೋದರಮಾವನ ಮಗನಿಗೆ ನನ್ನನ್ನು ಕೊಡುವ ಮಾತಾಗಿತ್ತು. ಅವನು ಕೆಟ್ಟವನಲ್ಲ. ಆದರೆ ನಾನೇ ಒಬ್ಬನನ್ನು ಆರಿಸಬೇಕೆಂಬ ಹಟ ನನಗೆ. ಬಸ್ ಹತ್ತಿಸುವಾಗಲೇ ಅಪ್ಪ ಹೇಳಿದ್ದ: "ನಿನ್ ಬಗ್ಗೆ ಒಂದು ಮಾತು ನನ್ ಕಿವಿಗೆ ಬಿತ್ತೋ, ಅವತ್ತೇ ಬಂದು ಕರ್ಕೊಂಡ್ ಹೋಗ್ತೀನಿ. ಕೆಲಸನೂ ಬ್ಯಾಡ, ಏನೂ ಬ್ಯಾಡ."

ಅದಕ್ಕೇ ಆ್ಯಪಿನಲ್ಲಿ ಸುಳ್ಳು ಹೆಸರು. ಮುಖದ ಬದಲು ಅಕ್ಕ ಹೊಲಿದ ಒಂದು ಜೇಬು, ಅದರ ಮೇಲೆ ನನ್ನ ಕೈ, ಹೆಬ್ಬೆರಳ ಕಲೆಯ ಸಮೇತ. ಎಂಥ ಬುದ್ಧಿವಂತೆ ನಾನು! ಮುಖ ತೋರಿಸದ ಒಬ್ಬ ಅಲ್ಲಿ ಸಿಕ್ಕಿದ. "ಇಷ್ಟು ನೆಟ್ಟಗ ಹೊಲಿಯೋರು ಮಾತೂ ನೆಟ್ಟಗ ಆಡ್ತಾರ" ಎಂದು ಬರೆದ. ಅದು ನನ್ನ ಹೊಲಿಗೆಯಲ್ಲ ಎನ್ನಬೇಕಿತ್ತು. ಹೊಗಳಿಕೆ ಯಾರಿಗೆ ಬೇಡ? ಥ್ಯಾಂಕ್ಸ್ ಎಂದು ಬರೆದೆ.

ಹದಿನೈದು ದಿನ ಹೀಗೇ ನಡೆಯಿತು. ಒಂದು ದಿನ ಊಟದ ಬಿಡುವಿನಲ್ಲಿ ಅವನಿಂದ ಬಂತು: "ಆ ಜೇಬಿನ ಗೆರಿ ನೋಡಿ ಯಾವ ಕಾರ್ಖಾನಿ ಅಂತ ಗೊತ್ತಾತ್ರಿ. ನಾನೂ ಇದೇ ಊರಾಗ ಜೇಬು ಹೊಲಿಯಾವ. ನಾಳೆ ಆರಕ್ಕ ಗೇಟಿನ ಹತ್ರ ನಿಂತಿರ್ತೀನ್ರಿ."

ಜೇಬಿನ ಮೇಲಿನ ಯಾವ ಹೊಲಿಗೆ ಗೆರೆ ಯಾವ ಕಾರ್ಖಾನೆಯದೆಂದು ರಾಯದುರ್ಗದಲ್ಲಿ ಹೊಲಿಯುವವರಿಗೆಲ್ಲ ಗೊತ್ತು. ಗೊತ್ತಿದ್ದೂ ನಾನು ಮುಖವೊಂದನ್ನೇ ಮುಚ್ಚಿದ್ದೆ. ತಕ್ಷಣ ಆ್ಯಪ್ ಅಳಿಸಿದೆ. ಅಳಿಸಿದ ಮೇಲೆ ಹೊಳೆಯಿತು, ಥೂ ನನ್ನ ಬುದ್ಧಿಗೆ! ಅವನಿಗೆ ನಾನಿರುವ ಜಾಗ ಗೊತ್ತು, ನನಗೆ ಅವನ ಮುಖ ಗೊತ್ತಿಲ್ಲ.

ಮರುದಿನ ದುಪಟ್ಟಾ ಮುಖಕ್ಕೆ ಸುತ್ತಿ ಅಕ್ಕನ ಕೈ ಹಿಡಿದು ಹೊರಬಂದೆ. ಚಹಾ ಕುಡಿಯುವವನು, ಆಟೋದವನು, ಹೆಂಡತಿಗೆ ಕಾಯುವವನು, ಯಾರನ್ನು ನೋಡಿದರೂ ಇವನೇ ಅನಿಸುತ್ತಿತ್ತು.

"ಯಾಕ ಹಿಂಗ ನಡುಗ್ತಿ ತಂಗಿ?" ಎಂದಳು ಅಕ್ಕ.

"ಜ್ವರ ಬಂದಂಗೈತೆ ಕಣಕ್ಕ."

ವಾರವಿಡೀ ಅದೇ ಜ್ವರ. ಅವನು ಬಂದು ಮಾತಾಡಿಸಿದರೆ, ನಮ್ಮೂರ ಕಡೆಯವರು ಯಾರಾದರೂ ನೋಡಿದರೆ, ಅಪ್ಪನಿಗೆ ಮುಟ್ಟಿದರೆ? ಕೊನೆಗೆ ನಾನೇ ಅವ್ವನಿಗೆ ಫೋನ್ ಮಾಡಿದೆ: "ಮಾವನ ಮಗನ್ನೇ ಮಾಡ್ಕೊತೀನಿ ಕಣವ್ವ."

"ದೇವರು ಈಗ ಒಳ್ಳೆ ಬುದ್ಧಿ ಕೊಟ್ಟ ನೋಡು" ಎಂದಳು ಅವ್ವ. ಕೊಟ್ಟದ್ದು ದೇವರಲ್ಲ, ಭಯ.

ಮದುವೆಯಾಯಿತು. ಗಂಡ ಒಳ್ಳೆಯವನೇ. ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳಕ್ಕೆ ಹಾಕುತ್ತಿದ್ದೆ. ಆದರೂ ಸಂತೆಯಲ್ಲಿ ಗಂಡಸೊಬ್ಬ ಎರಡು ಸಲ ನೋಡಿದರೆ ಸೆರಗು ಮುಖಕ್ಕೆಳೆದುಕೊಳ್ಳುತ್ತಿದ್ದೆ.

ವರ್ಷ ತುಂಬುವ ಹೊತ್ತಿಗೆ ಅಕ್ಕನ ಫೋನ್ ಬಂತು. "ನನ್ನ ಮದುವಿ ತಂಗಿ! ಹುಡುಗ ಪಕ್ಕದ ಕಾರ್ಖಾನಿಯಾಗ ಜೇಬು ಹೊಲಿತಾನ. ನೀ ಹೋದ ಮ್ಯಾಲೂ ದಿನಾ ಗೇಟಿನ ಹತ್ರ ನಿಂತಿರ್ತಿದ್ದ. ಯಾರಿಗೆ ಕಾಯ್ತೀರಿ ಅಂತ ಕೇಳೇಬಿಟ್ಟೆ. ಫೋನಿನಾಗ ಒಂದು ಜೇಬು ತೋರಿಸಿದ. ನೋಡಿದ್ರ ನನ್ನ ಹೊಲಿಗಿ!"

"ಕೇಳೋಕೆ ಹೆದರಿಕೆ ಆಗ್ಲಿಲ್ವೇನಕ್ಕ?"

"ನಡುಗ್ತಿದ್ದವ ಅವನು, ನಾ ಯಾಕ ಹೆದರ್ಲಿ?" ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಜೇಬಿನ ಮ್ಯಾಲೆ ಒಂದು ಕೈ ಇತ್ತು. ಆ ಕೈ ಇಟ್ಟಾಕಿ ಹೊಟ್ಟಿ ತಣ್ಣಗಿರ್ಲಿ. ಮದುವಿಗೆ ಬಾ ತಂಗಿ, ಹೆದರಬ್ಯಾಡ."

ಅವಳಿಗೆ ಗೊತ್ತಾಗಿತ್ತು. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಅದೆಲ್ಲಕ್ಕಿಂತ ಮೊದಲು ಹೆದರಿಕೆ: ಅಕ್ಷತೆ ಹಾಕುವಾಗ ಅವನು ನನ್ನ ಹೆಬ್ಬೆರಳ ಕಲೆ ನೋಡಿದರೆ?

"ಇಬ್ರೂ ಹೋಗ್ ಬರಾನ" ಎಂದ ಗಂಡ.

ಹುಳಕ್ಕೆ ಸೊಪ್ಪು ಹಾಕೋರು ಯಾರು ಎಂದು ಅವನೊಬ್ಬನನ್ನೇ ಕಳಿಸಿದೆ.