ಹಂಪಿ ಬಿಡದ ಕಾರು

ಕಪನೂರ ದಾಟುತ್ತಿದ್ದಂತೆ ನಮ್ಮ ಹೊಸ ಕಾರಿನ ದಾರಿ ತೋರಿಸುವ ಪರದೆಯೊಳಗಿನ ಹೆಂಗಸು ‘ಹಿಂದಕ್ಕೆ ತಿರುಗಿ’ ಎಂದಳು. ನಮ್ಮ ಯಜಮಾನರು ಕೂಡಲೇ ಕಾರನ್ನು ಕಲಬುರಗಿಯತ್ತ ತಿರುಗಿಸಿಬಿಟ್ಟರು! ನಾವು ಹೊರಟಿದ್ದು ಇಲ್ಲೇ ಕಲಬುರಗಿ ಹತ್ತಿರದ ಕಮಲಾಪುರದ ನನ್ನ ತವರಿಗೆ. ಆಕೆ ತೋರಿಸುತ್ತಿದ್ದುದು ಹಂಪಿ ಪಕ್ಕದ ಕಮಲಾಪುರಕ್ಕೆ ದಾರಿ. ನಾನು ಹೇಳಿದರೆ ಇವರು ಕೇಳಬೇಕಲ್ಲ? ಶೋರೂಮಿಗೆ ಫೋನ್ ಮಾಡಿದರು. ‘ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಸರ್’ ಎಂದರು ಅವರು. ಹಾಗೆ ಮಾಡಿದರೂ ಆಕೆ ಹಂಪಿ ಬಿಡಲಿಲ್ಲ. ಕೊನೆಗೆ ಇವರು ನನ್ನ ಅವ್ವನಿಗೇ ಫೋನ್ ಹಚ್ಚಿ, ‘ಅತ್ತಿ, ಮನಿ ಲೊಕೇಶನ್ ಕಳಸ್ರಿ’ ಎಂದರು.

ಅವ್ವ ಕೇಳಿದಳು: ‘ಯಾಕ್ರೀ ಅಳಿಯಂದ್ರ, ತಾಳಿ ಕಟ್ಟಿದ ಮನಿ ಮರ್ತೀರೇನು?’

ಕಾರಿನ ನಕ್ಷೆ ಆಮೇಲೆ ಸರಿಹೋಯಿತು. ಈಗ ಇವರು ಏನಾದರೂ ಮರೆತರೆ ನಾನು ನೆನಪಿಸುವುದಿಲ್ಲ. ‘ತಲೀ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ’ ಎನ್ನುತ್ತೇನೆ.